ಪ್ಲೇಟಿನ ಎರಡನೇ ಮಗ್ಗುಲು

"ಒಡ್ದಾಕ್ಬುಟ್ಟೆ ಗೌಡ್ರೇ," ಎಂದ ಅಸದುಲ್ಲಾ, ಸೀಮೆಎಣ್ಣೆಯಲ್ಲಿ ಅದ್ದಿದ್ದ ಸೈಕಲ್ ಚೈನಿನಿಂದ ತಲೆ ಎತ್ತದೆ. "ಹೋದ್ ವಾರ್ವೇ ಒಡ್ದೆ. ಯಾಕೆ?"

ಮಾತು ಶಿವಣ್ಣನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ವೈದ್ಯನಾಥಪುರದಿಂದ ಮದ್ದೂರಿನ ಸ್ಟೇಷನ್ ರಸ್ತೆಯವರೆಗೆ ಎಲ್ಲೂ ಇಳಿಯದೆ ಸೈಕಲ್ ತುಳಿದು ಬಂದಿದ್ದ. ನಲವತ್ತು ದಾಟಿದ ವಯಸ್ಸು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವ ಮನೆತನ. ಅಂಥವನ ತಲೆಯ ಮೇಲೆ ರುಮಾಲಿಲ್ಲ, ಕಾಲಲ್ಲಿ ಮೆಟ್ಟಿಲ್ಲ, ಅಂಗಿಯ ಗುಂಡಿ ಒಂದಕ್ಕೊಂದು ತಾಳೆಯಿಲ್ಲ. ಮಗಳ ಮದುವೆಗೆ ಇನ್ನು ಹನ್ನೆರಡು ದಿನ ಇರುವಾಗ ಗೌಡರು ಹೀಗೆ ಬಂದರೆ ಬೀಗರ ಕಡೆಯಿಂದ ಏನೋ ಆಗಿರಬೇಕೆಂದು ಪಕ್ಕದ ಅಂಗಡಿಯವರೂ ಇಣುಕಿ ನೋಡಿದರು.

"ಎಲ್ಲಾನೂವಾ?" ಎಂದ ಶಿವಣ್ಣ.

"ಎಲ್ಲಾ ಯಾಕೆ ಒಡೀಲಿ? ನಿಮ್ಮನೆಯಿಂದ ಎಂಟು ಗ್ರಾಮಫೋನ್ ಪ್ಲೇಟು ಬಂತು. ಒಂದೊಂದ್ರ ಮ್ಯಾಲೂ ಮುಳ್ಳಿಟ್ಟು ನೋಡ್ದೆ. ಮೂರು ಚೆನ್ನಾಗಿದ್ವು, ಮಡಗಿವ್ನಿ. ಐದ್ರಲ್ಲಿ ಮುಳ್ಳು ಸಿಗಾಕ್ಕೊಳ್ತು, ಒಡ್ದೆ."

"ಕೆಂಪು ಚೀಟೀದು ಒಂದಿತ್ತು. ನಾಟಕದ್ದು."

"ಅದಾ! ಅದು ಒಂದೇ ಮಾತ್ನ ಹತ್ತು ಸಲ ಅಂತಿತ್ತು. ಮೊದ್ಲೇ ಒಡ್ದಿದ್ದು ಅದ್ನೇ."

"ಎರಡ್ನೇ ಮಗ್ಗುಲು ಕೇಳ್ದಾ? ಕೊನೆಗಂಟ ಕೇಳ್ದಾ ಸಾಬಿ?"

"ಮೊದಲ್ನೇ ಮಗ್ಗುಲೇ ಓಡ್ನಿಲ್ಲ, ಇನ್ನು ಎರಡ್ನೇದ್ನ ಯಾರು ಕೇಳ್ತಾರೆ ಗೌಡ್ರೇ?" ಎಂದು ನಕ್ಕ ಅಸದುಲ್ಲಾ, ಆಗ ಮುಖ ಎತ್ತಿ ನೋಡಿದ. ನಗು ಅಲ್ಲೇ ನಿಂತಿತು. ಎದ್ದು, ಎಣ್ಣೆಗೈಯನ್ನು ಲುಂಗಿಗೆ ಒರೆಸಿಕೊಂಡು, ಸ್ಟೂಲು ಮುಂದಕ್ಕೆ ತಳ್ಳಿದ.

ಅಸದುಲ್ಲಾನದು ತಪ್ಪೇನಿರಲಿಲ್ಲ. ಸೈಕಲ್ಲು, ಗ್ಯಾಸ್‌ಲೈಟು, ಗ್ರಾಮಫೋನು ಮೂರನ್ನೂ ರಿಪೇರಿ ಮಾಡುವವನು ಮದ್ದೂರಿಗೆಲ್ಲ ಅವನೊಬ್ಬನೇ. ಯುದ್ಧ ಮುಗಿದು ಆರು ತಿಂಗಳಾಗಿದ್ದರೂ ಹೊಸ ಪ್ಲೇಟು ಸಿಗುವುದು ಕಷ್ಟವಾಗಿತ್ತು. ಹಾಗಾಗಿ ಅವನೇ ಒಂದು ಕಟ್ಟಳೆ ಮಾಡಿಕೊಂಡಿದ್ದ: ನಾಲ್ಕು ಹಳೇ ಪ್ಲೇಟು ತಂದವರಿಗೆ ಒಂದು ಹೊಸದು. ಹಳೆಯದರಲ್ಲಿ ಹಾಡುವಂಥದ್ದನ್ನು ಮಾರುತ್ತಿದ್ದ, ಹಾಡದ್ದನ್ನು ಒಡೆದು ಅರಗಿನ ಕೆಲಸದವರಿಗೆ ಕೊಡುತ್ತಿದ್ದ. ಪ್ಲೇಟು ಎಂದರೆ ಹಾಡು ಕೊರೆದ ಅರಗು ತಾನೇ. ಕರಗಿಸಿದರೆ ಮತ್ತೆ ಅರಗು.

ಆ ಬೆಳಿಗ್ಗೆ ಶಿವಣ್ಣನ ಮನೆಯವರೆಲ್ಲ ಮೊದಲ ಲಗ್ನಪತ್ರಿಕೆಯನ್ನು ವೈದ್ಯನಾಥೇಶ್ವರನ ಮುಂದಿಟ್ಟು ಬರಲು ಹೋಗಿದ್ದರು. ಶಿವಣ್ಣ ಮಂಡಿನೋವಿನ ನೆವ ಹೇಳಿ ಉಳಿದುಕೊಂಡ. ಮನೆ ಖಾಲಿಯಾದ ಮೇಲೆ ಬಾಗಿಲು ಹಾಕಿ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿದ. ಹದಿಮೂರು ವರ್ಷಗಳಿಂದಲೂ ಹೀಗೇ, ವರ್ಷಕ್ಕೊಮ್ಮೆಯೋ ಎರಡು ಸಲವೋ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವನು ಆ ಪೆಟ್ಟಿಗೆ ತೆಗೆಯುತ್ತಿದ್ದ. ಈ ಸಲ ಹೇಳುವುದಕ್ಕೆ ಸುದ್ದಿಯೂ ಇತ್ತು. ಆದರೆ ಪೆಟ್ಟಿಗೆಯಲ್ಲಿ ಎಂಟು ಹಳೇ ಪ್ಲೇಟುಗಳ ಜಾಗದಲ್ಲಿ ಮಿರಮಿರ ಮಿಂಚುವ ಎರಡು ಹೊಸ ಸಿನಿಮಾ ಪ್ಲೇಟುಗಳು ಮಲಗಿದ್ದವು.

ಆ ಕೆಂಪು ಚೀಟಿಯ ಪ್ಲೇಟು ಬಂದದ್ದು ನಾಟಕದ ಹಾಡುಗಳ ಹುಚ್ಚು ಹಿಡಿದಿದ್ದ ಕಾಲದಲ್ಲಿ. ಈಗಿನ ಹುಡುಗಿಯರು ನಗುತ್ತಾರೆ, ನಗಲಿ. ಕತ್ತಿಯೇಟು ತಿಂದು ಸಾಯುತ್ತಿರುವ ರಾಜ ಎದ್ದು ಕೂತು ಇಪ್ಪತ್ತು ನಿಮಿಷ ಹಾಡಿ ಆಮೇಲೆ ಸಾಯುತ್ತಿದ್ದ, ಜನ ಒನ್ಸ್ ಮೋರ್ ಎಂದರೆ ಎದ್ದು ಇನ್ನೊಮ್ಮೆ ಸಾಯುತ್ತಿದ್ದ. ಮಂಡ್ಯದಲ್ಲಿ ನಾಟಕ ಕಂಪನಿ ಬಿಡಾರ ಹಾಕಿದರೆ ಶಿವಣ್ಣನ ಗದ್ದೆಗೆ ನೀರು ಕಟ್ಟುವವರಿರುತ್ತಿರಲಿಲ್ಲ. ಗಾಡಿ ಹೂಡಿಕೊಂಡು ಹೋಗಿ, ಕಂಪನಿಯ ಹಾರ್ಮೋನಿಯಂ ಮೇಷ್ಟರ ಗೆಳೆತನ ಸಂಪಾದಿಸಿ, ಒಂದು ದಿನ ಅವರನ್ನು ಬಾಡೂಟಕ್ಕೆ ಮನೆಗೇ ಕರೆತಂದ. ಮೇಷ್ಟರು ಉಣ್ಣುವಾಗ ಗೋಡೆಯ ಆಚೆ ಯಾರೋ ರಾಗಿ ಬೀಸುತ್ತ ಹಾಡುತ್ತಿದ್ದರು. ಮೇಷ್ಟರ ಕೈ ತಟ್ಟೆಯಲ್ಲೇ ನಿಂತಿತು.

"ಯಾರ್ರೀ ಅದು?"

"ನಮ್ಮ ಮನೆಯವ್ಳು," ಎಂದ ಶಿವಣ್ಣ, ನಾಚಿಕೆಯಿಂದ.

ಚಲುವಮ್ಮ ಮಳವಳ್ಳಿ ಕಡೆಯವಳು. ಬೀಸುವಾಗ, ಕೇರುವಾಗ, ಮಗಳು ಇಂದ್ರಮ್ಮನನ್ನು ಮಲಗಿಸುವಾಗ ಹಾಡುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಕಂಪನಿಯವರು ಬೆಂಗಳೂರಿನಲ್ಲಿ ಪ್ಲೇಟಿಗೆ ಹಾಡು ಕೊಡುವವರಿದ್ದರು. ಮುಖ್ಯ ಗಾಯಕಿಯ ಹಿಂದೆ ಪಲ್ಲವಿ ಹಿಡಿಯುವ ನಾಲ್ವರು ಹೆಂಗಸರಲ್ಲಿ ಒಬ್ಬಳಿಗೆ ಗಂಟಲು ಕಟ್ಟಿತ್ತು. ಅವಳ ಬದಲಿಗೆ ಚಲುವಮ್ಮನನ್ನು ಕಳಿಸಿ ಎಂದು ಮೇಷ್ಟರು ಕೇಳಿದರು. ಒಕ್ಕಲುಮನೆಯ ಸೊಸೆ ನಾಟಕದವರ ಜೊತೆ ಹಾಡುವುದೆಂದರೆ ಊರು ಸುಮ್ಮನಿರುತ್ತದೆಯೇ? ಶಿವಣ್ಣ ಮೂರು ದಿನ ಒದ್ದಾಡಿ, ಕೊನೆಗೆ ತಾಯಿ ಚಿಕ್ಕಬೋರಮ್ಮನಿಗೆ "ಇವಳಿಗೆ ಕಣ್ಣು ಮಂಜು ಬತ್ತಾ ಅದೆ, ಬೆಂಗಳೂರಲ್ಲಿ ತೋರಿಸ್ಕ ಬತ್ತೀನಿ" ಎಂದು ಸುಳ್ಳು ಹೇಳಿ ಅವಳ ಜೊತೆ ರೈಲು ಹತ್ತಿದ.

ಅಲ್ಲಿ ಯಂತ್ರದ ಮುಂದೆ ಕೂತಿದ್ದವನು ಒಂದೇ ಮಾತು ಹೇಳಿದ: ಹಾಡು ಮುಗಿದ ಮೇಲೂ ಕೆಂಪು ದೀಪ ಆರುವ ತನಕ ಯಾರೂ ಅಲುಗಬಾರದು, ಉಸಿರು ಬಿಡಬಾರದು. ಎರಡನೇ ಮಗ್ಗುಲಿನ ಹಾಡು ಮುಗಿಯಿತು. ಎಲ್ಲರೂ ಕಲ್ಲಿನಂತೆ ನಿಂತರು. ಚಲುವಮ್ಮನಿಗೆ ಉಸಿರು ತಡೆಯಲಿಲ್ಲ. ದೀಪ ಆರುವ ಮುಂಚೆಯೇ, ಹಿಂದೆ ನಿಂತಿದ್ದ ಗಂಡನನ್ನು ಮೆಲ್ಲಗೆ ಕೇಳಿಬಿಟ್ಟಳು:

"ಆಯ್ತಾ?"

ಅದು ಹಾಗೇ ಪ್ಲೇಟಿನಲ್ಲಿ ಇಳಿದುಬಿಟ್ಟಿತು. ಎರಡನೇ ಸಲ ಹಾಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಕೆಂಪು ಚೀಟಿಯ ಮೇಲೆ ಗಾಯಕಿಯ ಹೆಸರಿತ್ತು, ಕಂಪನಿಯ ಹೆಸರಿತ್ತು. ಚಲುವಮ್ಮನ ಹೆಸರು ಎಲ್ಲಿಯೂ ಇರಲಿಲ್ಲ. ಪ್ಲೇಟು ಕೈಗೆ ಬಂದ ನಾಲ್ಕು ತಿಂಗಳಿಗೆ ಅವಳು ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅವಳದೊಂದು ಫೋಟೋವೂ ಇರಲಿಲ್ಲ. ಶಿವಣ್ಣ ಆಮೇಲೆ ಮೈಸೂರಿನ ಅಂಗಡಿಗಳಲ್ಲೆಲ್ಲ ಆ ಪ್ಲೇಟಿನ ಇನ್ನೊಂದು ಪ್ರತಿ ಹುಡುಕಿದ. ಅಂಥ ಹಾಡು ಈಗ ಯಾರು ಕೇಳುತ್ತಾರೆ ಎಂದು ಅವರೂ ನಕ್ಕಿದ್ದರು. ಅವನಿಗೆ ಹಾಡು ಬೇಕಿರಲಿಲ್ಲ. ಮುಳ್ಳು ಕೊನೆಯ ಗೆರೆಗೆ ಬರುವ ತನಕ ಕಾಯುತ್ತಿದ್ದ, ಆ ಎರಡಕ್ಷರಕ್ಕೆ.

ಇಷ್ಟನ್ನೂ ಅಸದುಲ್ಲಾನ ಮುಂದೆ ಹೇಳಲು ಹದಿಮೂರು ವರ್ಷದ ಗುಟ್ಟು ಬಿಡಲಿಲ್ಲ. "ಚೂರು ಎಲ್ಲವೆ? ಚೂರಾದ್ರೂ ಕೊಡು," ಎಂದಷ್ಟೇ ಕೇಳಿದ.

ಅಸದುಲ್ಲಾ ಮೂಲೆಯ ಡಬ್ಬ ಬಗ್ಗಿಸಿ ಕೆದಕಿದ. ಅಂಗೈಯಗಲದ ನಡುಭಾಗವೊಂದು ಸಿಕ್ಕಿತು, ಚೀಟಿಯ ಅಂಚಿನವರೆಗೂ ಕಚ್ಚುಕಚ್ಚಾಗಿ ಮುರಿದದ್ದು, ಹಾಡಿನ ಗೆರೆ ಒಂದೂ ಉಳಿದಿರಲಿಲ್ಲ. ಕೆಂಪು ಚೀಟಿ ಮಾತ್ರ ಹಾಗೇ ಇತ್ತು. "ಕಾಗ್ದ ಇರೋದು ಅರಗಿಗೆ ಬರಲ್ಲ ಅಂತ ಇದ್ನ ಬಿಟ್ಟೋದ್ರು. ಮಿಕ್ಕಿದ್ದೆಲ್ಲಾನೂ ಅಕ್ಕಸಾಲಿ ಮುದ್ದಾಚಾರಿ ತಗೊಂಡೋದ್ರು."

"ಮುದ್ದಾಚಾರಿಯಾ? ಅವ್ನಿಗ್ಯಾಕೆ ಕೊಟ್ಟೆ?"

"ನೀವೇ ಕಳ್ಸಿದ್ರಂತಲ್ಲ ಗೌಡ್ರೇ!" ಎಂದ ಅಸದುಲ್ಲಾ, ಈಗ ಅವನೇ ಗಾಬರಿಯಾಗಿ.

ಶಿವಣ್ಣ ಸ್ಟೂಲಿನ ಮೇಲೆ ಕೂತ. ಹೌದು, ಅವನೇ ಕಳಿಸಿದ್ದ. ಇಪ್ಪತ್ತು ದಿನದ ಹಿಂದೆ, ಮಗಳಿಗೆ ಚಿನ್ನದ ಗುಂಡಿನ ಸರ ಮಾಡಲು ಹೇಳಿ ಮುದ್ದಾಚಾರಿಯ ಜಗಲಿಯಲ್ಲಿ ಕೂತಿದ್ದಾಗ. ತೆಳು ಚಿನ್ನದ ಗುಂಡು ನೆಗ್ಗದಿರಲಿ ಎಂದು ಒಳಗೆ ಅರಗು ತುಂಬುವುದು ವಾಡಿಕೆ. ಒಳ್ಳೇ ಅರಗೇ ಸಿಗುತ್ತಿಲ್ಲ ಎಂದು ಆಚಾರಿ ಗೋಳಾಡಿದಾಗ, ಯಾರಿಗಾದರೂ ಬುದ್ಧಿ ಹೇಳುವುದೆಂದರೆ ಹಬ್ಬದೂಟ ಕಂಡಂತೆ ಆಡುವ ಶಿವಣ್ಣ, "ಅಸದುಲ್ಲಾನ ಅಂಗಡೀಲಿ ಒಡಕು ಪ್ಲೇಟು ರಾಶಿ ಬಿದ್ದವೆ, ನನ್ನೆಸ್ರು ಹೇಳಿ ತಕ್ಕಳಿ ಓಗಿ. ಕಬ್ಬಿಣ ಆದಂಗಾಯ್ತದೆ," ಎಂದಿದ್ದ. ಹೇಳಿ, ತನ್ನ ಜಾಣತನಕ್ಕೆ ತಾನೇ ಮೀಸೆ ತಿರುವಿಕೊಂಡಿದ್ದ.

ಕೆಂಪು ಚೀಟಿಯನ್ನು ಜೇಬಿಗೆ ತುರುಕಿಕೊಂಡು ಎದ್ದ. ಪೇಟೆಬೀದಿಯಲ್ಲಿ ಸೈಕಲ್ ಹತ್ತಿ ಹೋಗಬೇಕೆಂಬುದೂ ಮರೆತು, ಅದನ್ನು ತಳ್ಳಿಕೊಂಡೇ ಓಡಿದ.

ಮುದ್ದಾಚಾರಿ ಅಗ್ಗಿಷ್ಟಿಕೆಯ ಮುಂದೆ ಊದುಗೊಳವೆ ಹಿಡಿದು ಕೂತಿದ್ದ. ಗೌಡರನ್ನು ಕಂಡದ್ದೇ ಮುಖ ಅರಳಿತು. ಗುಲಾಬಿ ಕಾಗದ ಬಿಚ್ಚಿ ಸರವನ್ನು ಎತ್ತಿ ಹಿಡಿದ. "ನಾನೇ ಏಳ್ಕಳುಸ್ಬೇಕು ಅಂತಿದ್ದೆ. ಬೆಳಿಗ್ಗೆ ಪೋಣ್ಸಿ ಮುಗುಸ್ದೆ. ಐವತ್ನಾಕು ಗುಂಡು. ನೀವೇಳ್ದಂಗೆ ಪ್ಲೇಟಿನ್ ಅರಗು ನೋಡಿ, ಕಲ್ಲ್ ಕಣ್ರೀ ಕಲ್ಲು! ಮೊಮ್ಮಕ್ಕಳ ಕಾಲಕ್ಕೂ ನೆಗ್ಗಾಕಿಲ್ಲ."

"ಎಲ್ಲಾ ತುಂಬ್ಬುಟ್ರಾ? ಒಂದ್ ಚೂರೂ ಮಿಕ್ಕಿಲ್ವಾ?"

"ಸಾಸ್ವೆ ಕಾಳಷ್ಟೂ ಇಲ್ಲ."

"ತೆಗೀರಿ," ಎಂದ ಶಿವಣ್ಣ. ದನಿ ಅವನದೇ ಅಲ್ಲದಂತಿತ್ತು. "ಒಳಗಿರಾದ್ನ ವಾಪಸ್ ತೆಗೀರಿ ಆಚಾರ್ರೇ."

ಆಚಾರಿಯ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷದಿಂದ ಈ ಮನೆಯವರ ಚಿನ್ನ ಮುಟ್ಟಿದವನು. "ಅನ್ಮಾನವಾ ಗೌಡ್ರೇ ನನ್ ಮ್ಯಾಲೆ? ಬೇಕಾದ್ರೆ ಈಗ್ಲೇ ಕಾಯಿಸ್ತೀನಿ, ಅರಗು ಸುರ್ದೋಗ್ಲಿ, ಬರೀ ಚಿನ್ನ ತೂಗಿ ನೋಡ್ಕಳಿ. ಅರಗು ಅರಗಾಗೇ ಬತ್ತದೆ, ಇನ್ನೇನು ಬಂದಾತು ಅದ್ರಿಂದ?"

ಹೌದು, ಇನ್ನೇನು ಬಂದಾತು. ಶಿವಣ್ಣ ಸರವನ್ನು ಕೈಗೆ ತೆಗೆದುಕೊಂಡ. ಅಲುಗಿಸಿದ. ಪೊಳ್ಳು ಗುಂಡಾದರೆ ಒಂದಕ್ಕೊಂದು ತಾಗಿ ಗಿಲಿಗಿಲಿ ಎನ್ನುತ್ತವೆ. ಇವು ತುಂಬಿದ ಗುಂಡು, ಸದ್ದೇ ಮಾಡಲಿಲ್ಲ. ಅವನ ಕಣ್ಣಲ್ಲಿ ನೀರು ಕಂಡು ಆಚಾರಿ ಕಕ್ಕಾಬಿಕ್ಕಿಯಾದ. ಮಗಳನ್ನು ಕಳಿಸುವ ಸಂಕಟ ಇರಬೇಕೆಂದು ತಾನೇ ಅರ್ಥ ಮಾಡಿಕೊಂಡು, ಸಿಟ್ಟು ಇಳಿಸಿ, ಕಾಗದದಲ್ಲಿ ಸುತ್ತಿಕೊಟ್ಟ.

ಮನೆಯ ತಿರುವಿಗೆ ಬರುವಷ್ಟರಲ್ಲೇ ಹೊಸ ಪ್ಲೇಟಿನ ದನಿ ಕೇಳಿಸಿತು. ಒಳ್ಳೇ ಹುರುಪಿನ ಹಾಡು, ಪಿಟೀಲು ತಬಲ ಎಲ್ಲ ಒಟ್ಟಿಗೆ ಓಡುವಂಥದ್ದು. ಶಿವಣ್ಣನಿಗೆ ದಾರಿಯುದ್ದಕ್ಕೂ ಏರಿಕೊಂಡು ಬಂದಿದ್ದ ಸಿಟ್ಟು ನೆತ್ತಿಗೆ ಮುಟ್ಟಿತು.

"ಎಲ್ಗೋಗಿದ್ಯಲಾ, ತಲೆ ಮ್ಯಾಲೆ ಬಟ್ಟೆ ಇಲ್ದೆ?" ಎಂದಳು ಹಜಾರದಲ್ಲಿ ಕೂತಿದ್ದ ಚಿಕ್ಕಬೋರಮ್ಮ. "ಮಂಡಿನೋವು ಅಂದವ್ನು ಸೈಕಲ್ ತುಳ್ಕೊಂಡು ಓದ ಅಂತ ಊರೋರೆಲ್ಲ ನಗ್ತಾವ್ರೆ."

ಇಂದ್ರಮ್ಮ ಓಡಿಬಂದಳು. ದೇವಸ್ಥಾನದ ಕುಂಕುಮ ಹಣೆಯಲ್ಲಿ ಹಸಿಯಾಗಿತ್ತು. "ಅಪ್ಪಯ್ಯ, ಕೇಳಿಲ್ಲಿ, ಹೊಸಾದು! ಆ ಹಳೇವು ಬರೀ ಮೂಗ್ನಲ್ಲಿ ಅಳ್ತಿದ್ವಲ್ಲ, ಎಲ್ಲಾನೂ ಕೊಟ್ಟು ತರ್ಸ್‌ಬುಟ್ಟೆ. ಮದ್ವೆ ಮನೇಲಿ ಅವ್ನ ಆಕುದ್ರೆ ಬೀಗ್ರು ಎದ್ದೋಯ್ತಾರೆ!"

ಶಿವಣ್ಣನ ಕೈ ಮೇಲೆದ್ದಿತು. ಹದಿನಾರು ವರ್ಷದಲ್ಲಿ ಒಮ್ಮೆಯೂ ಅವಳ ಮೇಲೆ ಎತ್ತದ ಕೈ. ಅವಳು ಹೆದರಲೂ ಇಲ್ಲ. ಅಪ್ಪ ತನ್ನನ್ನು ಹೊಡೆಯಬಹುದೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಆ ಕೈಯಲ್ಲಿದ್ದ ಗುಲಾಬಿ ಪೊಟ್ಟಣವನ್ನು ಮಾತ್ರ ಕಂಡಳು.

"ಅಜ್ಜೀ, ಸರ ಬಂತು!"

ತಾಯಿಯ ದನಿ ಹೇಗಿತ್ತೆಂದು ಇವಳಿಗೆ ನೆನಪಿಲ್ಲ. ಕೇಳಿಸಬಹುದಾಗಿತ್ತು. ಮದುವೆಯಾದ ಮೇಲೆ ಕೇಳಿಸೋಣ, ಗಂಡನ ಮನೆಗೆ ಕಳಿಸುವ ದಿನ ಕೇಳಿಸೋಣ ಎಂದು ಅವನೇ ಮುಂದೂಡಿದ್ದ. ಊರಿನ ಬಾಯಿಗೆ ಹೆದರಿ ತಾಯಿಯ ದನಿಯನ್ನು ಮಗಳಿಂದಲೇ ಬಚ್ಚಿಟ್ಟವನಿಗೆ, ಅದು ಹಳೇ ನಾಟಕದ ಪ್ಲೇಟೆಂದು ಕೊಟ್ಟವಳ ಮೇಲೆ ಕೈ ಎತ್ತುವ ಮುಖ ಎಲ್ಲಿತ್ತು? ಶಿವಣ್ಣನ ಕೈ ತಾನಾಗಿ ಕೆಳಗಿಳಿಯಿತು.

"ಆಕ್ ನೋಡ್ಲಾ, ಉದ್ದ ಸರಿ ಅದಾ ಅಂತ," ಎಂದಳು ಚಿಕ್ಕಬೋರಮ್ಮ. "ನನ್ ಕಣ್ಣಿಗೆ ಆ ಕೊಕ್ಕೆ ಕಾಣಾಕಿಲ್ಲ."

ಇಂದ್ರಮ್ಮ ಬೆನ್ನು ತಿರುಗಿಸಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ನಿಂತಳು. ನಿಂತಲ್ಲಿ ನಿಲ್ಲಲಾಗದೆ ಹಾಡಿನ ತಾಳಕ್ಕೆ ಮೈ ಕುಣಿಸುತ್ತಿದ್ದಳು. ಶಿವಣ್ಣ ಸರವನ್ನು ಕೊರಳಿಗೆ ಹಾಕಿದ. ಕೊಕ್ಕೆ ಸಿಕ್ಕಿ ಸಿಕ್ಕಿ ಜಾರಿತು.

"ಅಳ್ಳಾಡ್ಬ್ಯಾಡ ಕಣೆ," ಎಂದು ಗದರಿದಳು ಅಜ್ಜಿ. "ಉಸ್ರಿಡ್ಕೊಂಡು ನಿಂತ್ಕೊ ಅರೆಗಳಿಗೆ."

ಹುಡುಗಿ ಉಸಿರು ಹಿಡಿದು ನಿಂತಳು. ಕೊಕ್ಕೆ ಕೂತಿತು. ಹಾಡೂ ಮುಗಿಯಿತು. ಉಸಿರು ತಡೆಯಲಾರದೆ ಇಂದ್ರಮ್ಮ, ತಿರುಗದೆಯೇ, ಮೆಲ್ಲಗೆ ಕೇಳಿದಳು:

"ಆಯ್ತಾ?"

ದಿನಾ ಕೇಳುವ ದನಿ. ಆದರೆ ಉಸಿರು ಕಟ್ಟಿ ಬಿಡುವಾಗ ಅದು ಹೀಗಾಗುತ್ತದೆ ಎಂದು ಶಿವಣ್ಣನಿಗೆ ಗೊತ್ತಿರಲಿಲ್ಲ. ಪ್ಲೇಟಿನಲ್ಲಿದ್ದ ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ನಗು.

"ಇನ್ನೂ ಇಲ್ಲ ಕಣವ್ವ," ಎಂದ, ಹಾಕಿ ಮುಗಿದಿದ್ದ ಕೊಕ್ಕೆಯನ್ನು ಹಿಡಿದುಕೊಂಡೇ.

ಅವಳು ಮತ್ತೆ ಉಸಿರು ಬಿಗಿಹಿಡಿದಳು. ಮುಗಿದ ಪ್ಲೇಟಿನ ಮೇಲೆ ಮುಳ್ಳು ಕಿರ್ ಕಿರ್ ಎಂದು ಸುತ್ತುತ್ತಿತ್ತು. ಯಾರೂ ಹೋಗಿ ಎತ್ತಲಿಲ್ಲ.

"ಈಗ? ಆಯ್ತಾ?"

"ಇನ್ನೂ ಇಲ್ಲ," ಎಂದ ಶಿವಣ್ಣ.