ಬ್ರೇಕಿಲ್ಲದ ಬಸ್ಸಿನ ಕ್ಯಾಸೆಟ್ಟು

ಗುತ್ಯಮ್ಮನಿಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಮಾತು ಉಕ್ಕಿ ಬರುತ್ತಿತ್ತು. ಕಾಲು ಪೆಡಲ್ ತುಳಿಯುತ್ತಿದ್ದರೆ ಬಾಯಿ ಅದೇ ತಾಳಕ್ಕೆ ಪ್ರಾಸ ಕಟ್ಟುತ್ತಿತ್ತು. ಅದು ಹಾಡಲ್ಲ, ಅದಕ್ಕೆ ರಾಗವಿರಲಿಲ್ಲ. ಉಸಿರು ಬಿಡದೆ, ತಾಳ ತಪ್ಪದೆ ಓಡುವ ಮಾತು. ಹೊಸನಗರ ಬಸ್‌ಸ್ಟ್ಯಾಂಡಿನ ಎದುರು ಅವಳು ಹೊಲಿಯುತ್ತಿದ್ದ ಟೈಲರ್ ಅಂಗಡಿಗೆ ರವಿಕೆ ಕೊಡಲು ಬಂದ ಹೆಂಗಸರು, ಇಪ್ಪತ್ತೊಂದು ವರ್ಷದ ಈ ಹುಡುಗಿಯ ಬಾಯಲ್ಲಿ ತಮ್ಮ ಅಳತೆ, ತಮ್ಮ ಅತ್ತೆ, ರೇಷನ್ ಅಂಗಡಿಯ ಕ್ಯೂ ಎಲ್ಲ ಸೇರಿ ಸುರಿಯುವುದನ್ನು ಕೇಳಿ, ಹೊಟ್ಟೆ ಹಿಡಿದು ನಗುತ್ತ ನಿಂತುಬಿಡುತ್ತಿದ್ದರು.

ಎಂಬತ್ತೈದರ ಆಗಸ್ಟಿನಲ್ಲಿ ಅವಳ ಅಣ್ಣ ಜಯಪ್ಪ ಓಡಿಸುತ್ತಿದ್ದ ಬಸ್ಸು ತೀರ್ಥಹಳ್ಳಿ ರಸ್ತೆಯ ಇಳಿಜಾರಿನಲ್ಲಿ ಮಗುಚಿತು. ಐದು ಜನ ಸತ್ತರು. ಬ್ರೇಕ್ ಹಿಡಿಯುತ್ತಿಲ್ಲ ಅಂತ ಅವನು ಆ ವಾರದಲ್ಲೇ ಮಾಲೀಕರ ಕಡೆಯವರಿಗೆ ಮೂರು ಸಲ ಹೇಳಿದ್ದ. ಪೊಲೀಸರ ಕಾಗದದಲ್ಲಿ ಬರೆದದ್ದು ಮಾತ್ರ, ಚಾಲಕನ ಅತಿವೇಗ ಅಂತ.

ಮೂರು ತಾಲ್ಲೂಕಿನಲ್ಲಿ ಹನ್ನೊಂದು ಬಸ್ಸು ಓಡಿಸುವ ಮಾಲೀಕ ಮುಕುಂದಯ್ಯ ಜಯಪ್ಪನನ್ನು ಕರೆಸಿಕೊಂಡರು. "ಬ್ರೇಕಿನ ಮಾತು ಎತ್ಬೇಡ. ವಕೀಲರನ್ನ ನಾನು ಇಡ್ತೀನಿ. ನೀನು ಸುಮ್ನಿದ್ರೆ ಎಲ್ಲ ಹಗುರಾಗಿ ಮುಗೀತದೆ" ಅಂದರು. ಜಯಪ್ಪ ತಲೆಯಾಡಿಸಿ ಬಂದ. ಆಮೇಲೆ ಊಟಕ್ಕೆ ಕೂತರೆ ಅನ್ನ ಕಲಸಿಟ್ಟು ಹಾಗೇ ಎದ್ದುಹೋಗುತ್ತಿದ್ದ. ಗುತ್ಯಮ್ಮ ಅದನ್ನು ಮೂರು ತಿಂಗಳು ನೋಡಿದಳು.

ಸಾಗರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಅಂಜನಪ್ಪ, ಒಮ್ಮೆ ಬಸ್ಸಿಗೆ ಕಾಯುವಾಗ ಅವಳ ಮಾತು ಕೇಳಿ ಮರುಳಾಗಿದ್ದ. "ಒಂದು ಕ್ಯಾಸೆಟ್ ಮಾಡಣ ಮಾರಾಯ್ತಿ" ಅಂತ ಸಿಕ್ಕಿದಾಗೆಲ್ಲ ಹೇಳುತ್ತಿದ್ದ. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅವಳು ಹೋದಳು. ಮೆಷಿನ್ನಿಲ್ಲದೆ ಬಾಯಿ ಏಳುವುದಿಲ್ಲ ಅಂದಾಗ ಅವನು ಪಕ್ಕದ ಟೈಲರ್ ಅಂಗಡಿಯದನ್ನೇ ಹೊರಿಸಿ ತಂದ. ಅಂಗಡಿಯ ಬಾಗಿಲು ಹಾಕಿ, ಪೆಡಲಿನ ಹತ್ತಿರ ಒಂದು ಮೈಕು, ಬಾಯಿಯ ಹತ್ತಿರ ಒಂದು ಮೈಕು ಕಟ್ಟಿದ. ಐದು ತಮಾಷೆಯ ಮಾತು ಮುಗಿದವು. ಆರನೆಯದನ್ನು ಅವಳು ಅಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

*ಬ್ರೇಕಿಲ್ಲ ಅಂದ, ಬರ್ಕೊಂಡ್ರು,*
*ಬೋಲ್ಟಿಲ್ಲ ಅಂದ, ಬೈಕೊಂಡ್ರು,*
*ಟೈರು ಸವೆದೈತೆ ಅಂದ, ತಟ್ಟಿದ್ರು ಬೆನ್ನು,*
*ಹತ್ತು ಹತ್ತು, ಹೊರಡು ಹೊರಡು, ಹೊತ್ತಾತು ಇನ್ನು!*

ಮುಕುಂದಯ್ಯನವರ ಹೆಸರೂ ಅದರಲ್ಲಿತ್ತು. ಮುಗಿದಾಗ ಅಂಜನಪ್ಪ ಟೇಪಿನ ಗುಂಡಿ ಒತ್ತಿ ನಿಲ್ಲಿಸಿದ. "ಇದನ್ನೂ ಹಾಕ್ಲಾ?" ಅಂದ.

"ಹಾಕಿ. ಅದಕ್ಕೇ ಬಂದಿದ್ದು."

ಶಿವರಾತ್ರಿಯ ಹೊತ್ತಿಗೆ ಕ್ಯಾಸೆಟ್ಟು ಊರೂರು ತಿರುಗಿತ್ತು. ತಾಳಗುಪ್ಪದ ಚಹಾ ಹೋಟೆಲಿನಲ್ಲಿ ಅದು, ಮಾಸ್ತಿಕಟ್ಟೆಯ ಡ್ಯಾಮಿನ ಕೆಲಸಗಾರರ ಶೆಡ್ಡಿನಲ್ಲಿ ಅದು. ಒಬ್ಬರಿಂದ ಒಬ್ಬರು ನಕಲು ಮಾಡಿ ಮಾಡಿ ದನಿ ಗೊಗ್ಗರಾಗಿದ್ದರೂ ಬಿಡಲಿಲ್ಲ. ಮುಕುಂದಯ್ಯನವರ ಡ್ರೈವರುಗಳೇ, ಏಜೆಂಟು ಇಳಿದದ್ದು ನೋಡಿಕೊಂಡು, ಅವರದೇ ಬಸ್ಸಿನಲ್ಲಿ ಆರನೆಯದನ್ನು ಹಾಕುತ್ತಿದ್ದರು. "ಮೆಷಿನ್ ಗುತ್ಯಮ್ಮ" ಅಂತ ಹೆಸರೇ ಬಿತ್ತು. ಅವಳನ್ನು ನೋಡಲೆಂದೇ ಜನ ಬಟ್ಟೆ ಹೊಲಿಸಲು ಬಂದರು.

ಆದರೆ ಒಂದು ಮದುವೆಯಲ್ಲಿ ಹುಡುಗರು ಚಪ್ಪರದಡಿ "ಹತ್ತು ಹತ್ತು, ಹೊರಡು ಹೊರಡು" ಅಂತ ಕುಣಿಯುವುದನ್ನು ಕಂಡು ಅವಳು ಊಟಕ್ಕೂ ನಿಲ್ಲದೆ ಹೊರಟುಬಂದಳು.

ಮನೆಯಲ್ಲಿ ಜಯಪ್ಪ ಕಾಯುತ್ತಿದ್ದ. "ಎಂತ ಮಾಡಿಟ್ಟೆ ನೀನು? ಮುಂದಿನ ತಿಂಗಳು ಕೋರ್ಟು. ವಕೀಲರು ಕೇಸು ಬೇಡ ಅಂತ ಕಾಗದ ವಾಪಸ್ ಕೊಟ್ಟು ಕಳಿಸಿದ್ರು!"

"ಸುಳ್ಳು ಹೇಳಿದ್ನಾ ನಾನು?"

"ನಿಜ ಹೇಳು ಅಂತ ನಾನು ಕೇಳಿದ್ನಾ?"

ಮರುದಿನ ಮುಕುಂದಯ್ಯನವರ ಏಜೆಂಟ್ ಚಂದ್ರಯ್ಯ ಟೈಲರ್ ಅಂಗಡಿಗೆ ಬಂದ. ಹಿಂದೆ ಇಬ್ಬರು ಬಾಗಿಲಿಗೆ ಅಡ್ಡ ನಿಂತರು. "ತಮಾಷೆಗೆ ಹೇಳಿದ್ದು, ಎಲ್ಲ ಸುಳ್ಳು ಅಂತ ಇನ್ನೊಂದು ಕ್ಯಾಸೆಟ್ ಮಾಡು. ವಕೀಲರು ತಿರುಗಿ ಬರ್ತಾರೆ. ಇಲ್ದಿದ್ರೆ ನಿನ್ನ ಅಣ್ಣನ್ನ ಮರ್ತುಬಿಡು. ಶನಿವಾರದೊಳಗೆ ಹೇಳು." ಹೋಗುವಾಗ ಮೆಷಿನ್ನಿನ ಬೆಲ್ಟನ್ನು ಬೆರಳಲ್ಲಿ ಎಳೆದು ಕಿತ್ತು, ಅವಳ ಮಡಿಲಿಗೆ ಎಸೆದ.

ಶುಕ್ರವಾರ ಮಧ್ಯಾಹ್ನ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಬಟ್ಟೆಯಿಲ್ಲ. ಎಡಗಾಲು ಎಳೆಯುತ್ತಿದ್ದಳು.

"ಕ್ಯಾಸೆಟ್ಟಿನೋಳು ನೀನಾ? ನಾನು ಕೆರಿಯಮ್ಮ. ಆ ಬಸ್ಸಲ್ಲಿ ನನ್ನ ಮಗಳು ಹೋದ್ಲು."

ಗುತ್ಯಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಹೋಟ್ಲಲ್ಲಿ ಕೇಳಿದೆ. ಜನ ಚಪ್ಪಾಳೆ ಹೊಡೀತಿದ್ರು" ಅಂದಳು ಕೆರಿಯಮ್ಮ. "ಅದ್ರಲ್ಲಿ ಒಂದು ಮಗು ಸತ್ತಿತು ಅಂತೀಯ. ಮಗು ಅಲ್ಲ, ಯಮುನಾ. ಮೂರನೇ ಕ್ಲಾಸು. ಹೆಸ್ರು ಹೇಳಕ್ಕೆ ಬಾಯಿ ಸೋತಿತ್ತಾ?"

"ತಪ್ಪಾತು ಅಕ್ಕಾ."

"ಇನ್ನೊಂದು. ನಾನು ಡ್ರೈವರ್ ಹಿಂದಿನ ಸೀಟಲ್ಲೇ ಇದ್ದೆ. ಜನ ಇಳೀಲಿ, ನಾನು ಓಡ್ಸಲ್ಲ ಅಂದ ನಿನ್ನಣ್ಣ. ಬಾಗಿಲಲ್ಲಿ ನಿಂತಿದ್ದ ಆ ಚಂದ್ರಯ್ಯ, ನೀನು ಓಡ್ಸದಿದ್ರೆ ಕೆಲ್ಸ ಹೋಗ್ತದೆ ಅಂದ. ಕೋರ್ಟಲ್ಲೂ ಹೇಳ್ತೀನಿ. ಪೊಲೀಸ್ನೋರು ಬಂದಾಗ ನಾನು ಆಸ್ಪತ್ರೇಲಿದ್ದೆ, ನನ್ನ ಯಾರೂ ಕೇಳ್ಲಿಲ್ಲ." ಅವಳು ಉಸಿರು ತಗೊಂಡಳು. "ಆದ್ರೆ ಆಮೇಲೆ ಗಾಡಿ ಓಡಿಸಿದ್ದು ನಿನ್ನಣ್ಣನೇ. ಅದ್ಯಾಕೆ ನಿನ್ನ ಮಾತಲ್ಲಿಲ್ಲ?"

ಆ ಸಾಲು ಗುತ್ಯಮ್ಮನ ತಲೆಗೆ ಮೊದಲ ದಿನವೇ ಬಂದಿತ್ತು. ಅವಳೇ ಅದನ್ನು ಬಿಟ್ಟಿದ್ದಳು.

ಸಂಜೆ ಮನೆಗೆ ಹೋಗಿ ಅಣ್ಣನಿಗೆ ಎಲ್ಲ ಹೇಳಿದಳು. ಜಯಪ್ಪ ಗೋಡೆಗೆ ಒರಗಿ, ಮುಖ ಮುಚ್ಚಿಕೊಂಡು ಕೂತ. ಅವನು ಬೈಯುತ್ತಾನೆ, ಎದ್ದು ಹೊಡೆಯುತ್ತಾನೆ ಅಂದುಕೊಂಡಳು.

"ಆ ಸಾಲೂ ಹಾಕು" ಅಂದ ಕೊನೆಗೆ. "ನಾನೂ ಕೋರ್ಟಲ್ಲಿ ಅದನ್ನೇ ಹೇಳ್ತೀನಿ. ಇನ್ನು ಮುಚ್ಚಿಡಕ್ಕೆ ನಂಗೆ ಆಗಲ್ಲ."

ಶನಿವಾರ ಚಂದ್ರಯ್ಯ ಉತ್ತರ ಕೇಳಲು ಬಂದಾಗ ಅಂಗಡಿಯಲ್ಲಿ ಗುತ್ಯಮ್ಮ ಇರಲಿಲ್ಲ. ಸಾಗರದಲ್ಲಿ, ಬಾಗಿಲು ಹಾಕಿದ ರೇಡಿಯೋ ಅಂಗಡಿಯೊಳಗೆ ಆರನೆಯದನ್ನು ಮತ್ತೆ ಹೇಳುತ್ತಿದ್ದಳು. ಎದುರಿಗೆ ಸ್ಟೂಲಿನ ಮೇಲೆ ಕೆರಿಯಮ್ಮ ಕೂತಿದ್ದಳು.

*ಯಮುನಾ ಅಂತ ಹೆಸರವಳದು, ಎಂಟು ವರ್ಷ ವಯಸ್ಸು,*
*ಬ್ರೇಕಿಲ್ಲ ಅಂತ ಬಲ್ಲವನೇ ಓಡಿಸಿದ ಬಸ್ಸು,*
*ಕೀಲಿ ತಿರುಗಿಸಿದ ಕೈ ಯಾರ್ದು? ನನ್ನಣ್ಣನ ಕೈ,*
*ಹೊರಡು ಅಂದ ಬಾಯಿ ಯಾರ್ದು? ಹೇಳ್ರಯ್ಯ, ಹೇಳಿ!*

ಎರಡು ಸಲ ನಡುವೆಯೇ ನಿಲ್ಲಿಸಿದಳು. ಮೂರನೆಯ ಸಲ ಪೂರ್ತಿಯಾಯಿತು.

ವಾರದೊಳಗೆ ಯಾರೋ ಅಂಜನಪ್ಪನ ಅಂಗಡಿಗೆ ನುಗ್ಗಿ ಕ್ಯಾಸೆಟ್ಟುಗಳನ್ನೆಲ್ಲ ರಸ್ತೆಗೆ ಚೆಲ್ಲಿ ತುಳಿದರು. ಅಷ್ಟರಲ್ಲಿ ಹೊಸ ಕ್ಯಾಸೆಟ್ಟು ಡ್ರೈವರುಗಳ ಕೈ ಸೇರಿಯಾಗಿತ್ತು. ಇದಕ್ಕೆ ಯಾರೂ ಕುಣಿಯಲಿಲ್ಲ. ಹೋಟೆಲುಗಳಲ್ಲಿ ಹಾಕಿದರೆ ಜನ ಲೋಟ ಕೆಳಗಿಟ್ಟು ಕೇಳಿ, ಎದ್ದುಹೋಗುತ್ತಿದ್ದರು. "ಮೊದಲಿನದೇ ಚೆನ್ನಾಗಿತ್ತು" ಅಂದವರೂ ಬಹಳ. ಆದರೆ ಒಂದು ಸೋಮವಾರ ಬೆಳಿಗ್ಗೆ ಸಾಗರದ ಸ್ಟ್ಯಾಂಡಿನಲ್ಲಿ ಮುಕುಂದಯ್ಯನವರ ನಾಲ್ಕು ಬಸ್ಸು ಹೊರಡಲಿಲ್ಲ. ಮೆಕ್ಯಾನಿಕ್ ಬಂದು ಬ್ರೇಕ್ ನೋಡುವವರೆಗೆ ಕೀಲಿ ಮುಟ್ಟುವುದಿಲ್ಲ ಅಂತ ಡ್ರೈವರುಗಳು ಇಳಿದು ನಿಂತಿದ್ದರು. ಚಂದ್ರಯ್ಯ ಕೂಗಾಡಿದ. ಜನ ಸೀಟಿನಲ್ಲೇ ಕೂತು ಕಾದರು. ಒಬ್ಬರೂ ಡ್ರೈವರುಗಳನ್ನು ಬೈಯಲಿಲ್ಲ.

ತೀರ್ಥಹಳ್ಳಿಯ ಕೋರ್ಟಿನಲ್ಲಿ ಕೆರಿಯಮ್ಮ ಕಂಡದ್ದನ್ನು ಹೇಳಿದಳು. ಜಯಪ್ಪನೂ ಹೇಳಿದ. ಅವನಿಗೆ ಆರು ತಿಂಗಳು ಶಿಕ್ಷೆಯಾಯಿತು. ಮುಕುಂದಯ್ಯ, ಚಂದ್ರಯ್ಯನ ಮೇಲೂ ಕೇಸು ಹಾಕಲು ಆಜ್ಞೆಯಾಯಿತು. ಅದು ವರ್ಷಗಟ್ಟಲೆ ಎಳೆದು ಎಲ್ಲಿಗೂ ಮುಟ್ಟಲಿಲ್ಲ.

ಬಿಡುಗಡೆಯಾದ ದಿನ ಜಯಪ್ಪ ಮನೆಗೆ ಬರಲಿಲ್ಲ, ತಂಗಿಯನ್ನು ಕರೆದುಕೊಂಡು ನೇರ ಕೆರಿಯಮ್ಮನ ಮನೆಗೆ ಹೋದ. ಅಂಗಳದ ಆಚೆಯೇ ನಿಂತ. ಒಳಗೆ ಬಾ ಅಂತ ಕೆರಿಯಮ್ಮ ಕರೆಯಲಿಲ್ಲ. ಆಮೇಲೆ ಕಾಲೆಳೆಯುತ್ತ ಒಳಗೆ ಹೋಗಿ, ಒಂದು ಚೊಂಬು ನೀರು ತಂದು ಜಗಲಿಯ ಅಂಚಿನಲ್ಲಿಟ್ಟು, "ಬಿಸಿಲಲ್ಲಿ ಬಂದೀಯ, ಕುಡಿ" ಅಂದಳು.