ಪರೀಕ್ಷೆಗೆ ಸಿಗದ ಪೊಟ್ಟಣ

ಕ್ರೇನಿನ ಗೂಡಿನಿಂದ ಏಣಿ ಹಿಡಿದು ಕೆಳಗಿಳಿಯುವಷ್ಟರಲ್ಲಿ ಊಟದ ವಿರಾಮದ ಹತ್ತು ನಿಮಿಷ ಹೋಗಿಬಿಡುತ್ತಿತ್ತು. ಕಟ್ಟಡದ ಕೆಲಸದವರೆಲ್ಲ ಕ್ರೇನ್ ನಡೆಸುವ ಅವನನ್ನು ‘ಮೇಲಿನವರು’ ಎನ್ನುತ್ತಿದ್ದರು. ‘ಮೇಲಿನವರು ಮನಸ್ಸು ಮಾಡಿದ್ರೆ ಮಾತ್ರ ಕಬ್ಬಿಣ ಕದಲುತ್ತೆ’ ಎಂಬುದು ಅಲ್ಲಿನ ಹಳೆಯ ತಮಾಷೆ. ಹದಿನೆಂಟು ವರ್ಷಗಳಲ್ಲಿ ಒಂದು ತೊಲೆಯನ್ನೂ ತಪ್ಪು ಜಾಗಕ್ಕೆ ಇಳಿಸಿದವನಲ್ಲ.

ಎರಡು ತಿಂಗಳಿಂದ ಅವನಿಗೆ ಹೊಳೆಯುವ ಪುಟ್ಟ ಪೊಟ್ಟಣವೊಂದು ಅಂಟಿಕೊಂಡಿತ್ತು. ಮೇಲೆ ‘ಸುಗಂಧದ ಎಲೆ, ಸೇವನೆಗಲ್ಲ’ ಎಂದು ಅಚ್ಚಾಗಿದ್ದರೂ ಕೊಂಡವರು ಸುತ್ತಿ ಸೇದುತ್ತಿದ್ದರು. ಕಂಪನಿಯ ಮೂತ್ರಪರೀಕ್ಷೆಗೆ ಇದು ಸಿಕ್ಕಿಬೀಳುವುದಿಲ್ಲ, ಅದೇ ಇದರ ದೊಡ್ಡ ಗುಣ. ಸಂಜೆ ಬೆನ್ನುನೋವಿಗೆ ಎರಡು ದಮ್ಮು ಎಂದು ಶುರುವಾದದ್ದು. ಅಲ್ಲೇ ವೆಲ್ಡರ್ ಆಗಿದ್ದ ಭಾವಮೈದುನನಿಗೂ ರುಚಿ ಹತ್ತಿಸಿದವನು ಅವನೇ.

ಅಂದು ಅವನು ಊಟಕ್ಕೆ ಇಳಿದು ಬಂದಾಗ ಕಬ್ಬಿಣದ ರಾಶಿಯ ಹಿಂದೆ ಭಾವಮೈದುನ ಒಬ್ಬನೇ ಕೂತು ಸೇದುತ್ತಿದ್ದ.

“ಭಾವ, ಈ ಸಲದ್ದು ಯಾಕೋ ಬೇರೆ ಥರ...” ಎಂದವನು ಮಾತು ಮುಗಿಸಲಿಲ್ಲ. ಕಣ್ಣು ಮೇಲಾಯಿತು, ಕೈಕಾಲು ಸೆಟೆದುಕೊಂಡವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಸರದಲ್ಲೇ ಹೊರಗೆ ಬಂದರು. “ಎರಡು ಸಲ ಫಿಟ್ಸ್ ಬಂದಿದೆ, ಎದೆಬಡಿತ ಸರಿಯಿಲ್ಲ. ಟೆಸ್ಟಲ್ಲಿ ಏನೂ ಸಿಗ್ತಿಲ್ಲ. ಮೆದುಳಿಗೆ ಸೋಂಕಾ ಅಂತ ಹುಡುಕ್ತಿದೀವಿ. ಏನಾದ್ರೂ ತಗೊಂಡಿದ್ರಾ?”

“ನಮ್ಮಲ್ಲಿ ಅಂಥವರಿಲ್ಲ ಮೇಡಂ. ಹೋದ ವಾರ ತಾನೇ ಎಲ್ಲರದೂ ಪರೀಕ್ಷೆ ಆಗಿದೆ” ಎಂದ ಜೊತೆಗೆ ಬಂದಿದ್ದ ಸುರಕ್ಷತಾ ಅಧಿಕಾರಿ.

ಕ್ರೇನಿನವನ ಅಂಗಿಯ ಜೇಬಿನಲ್ಲಿ ಅದೇ ಪೊಟ್ಟಣವಿತ್ತು. ಬಾಯಿಬಿಟ್ಟರೆ ಹದಿನೆಂಟು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಅಷ್ಟರಲ್ಲಿ ಹೆಂಡತಿ ಓಡೋಡಿ ಬಂದಳು. “ರೀ, ನನ್ನ ತಮ್ಮಂಗೆ ಏನಾಯ್ತು?”

ಅವನು ಪೊಟ್ಟಣ ತೆಗೆದು ಡಾಕ್ಟರಮ್ಮನ ಕೈಗಿಟ್ಟ. “ಇದನ್ನ ಸೇದಿದ್ದಾನೆ ಮೇಡಂ. ಅಭ್ಯಾಸ ಮಾಡಿಸಿದ್ದು ನಾನೇ. ನಾನೂ ಸೇದ್ತೀನಿ.”

ಅಧಿಕಾರಿಯ ಮುಖ ಕೆಂಪಾಯಿತು. ಡಾಕ್ಟರಮ್ಮ ಮಾತ್ರ ಬೈಯಲಿಲ್ಲ. “ಎಲೆ ಬರೀ ನೆಪಕ್ಕೆ. ಗಾಂಜಾದ ಥರ ಅಮಲು ಬರ್ಲಿ ಅಂತ ರಾಸಾಯನಿಕ ಸಿಂಪಡಿಸಿರ್ತಾರೆ. ಅದಕ್ಕಿಂತ ಎಷ್ಟೋ ಪಟ್ಟು ಜೋರು. ಒಂದು ಪೊಟ್ಟಣದಲ್ಲಿರೋದು ಇನ್ನೊಂದರಲ್ಲಿ ಇರಲ್ಲ. ಈಗ ಗೊತ್ತಾಯ್ತಲ್ಲ, ಹೃದಯ, ಕಿಡ್ನಿ ಎರಡರ ಮೇಲೂ ಕಣ್ಣಿಡ್ತೀವಿ” ಎಂದು ಒಳಗೆ ನಡೆದರು.

ಹೆಂಡತಿ ಬೆಂಚಿನ ಮೇಲೆ ಕೂತಳು. ಆಮೇಲೆ, “ಎರಡು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ಇವತ್ತೂ ಸುಮ್ಮನಿದ್ದಿದ್ರೆ ನಿಮ್ಮ ಮುಖ ನೋಡ್ತಿರಲಿಲ್ಲ. ಕೂತ್ಕೊಳ್ಳಿ” ಎಂದಳು.

ನಾಲ್ಕನೆಯ ದಿನ ಭಾವಮೈದುನ ಕಣ್ಣುಬಿಟ್ಟು ಅಕ್ಕನನ್ನು ಗುರುತು ಹಿಡಿದ. ಕಿಡ್ನಿ ದಾರಿಗೆ ಬರಲು ಮೂರು ವಾರ ಬೇಕಾಯಿತು.

ಕಂಪನಿ ಇವನನ್ನು ಆರು ತಿಂಗಳ ಮಟ್ಟಿಗೆ ಕ್ರೇನಿನಿಂದ ಇಳಿಸಿ, ಕೈಗವಸು, ಹೆಲ್ಮೆಟ್ ಹಂಚುವ ಸ್ಟೋರಿಗೆ ಹಾಕಿತು. ಸೇದುವುದನ್ನು ಬಿಟ್ಟ ಮೊದಲ ವಾರ ಬೆವರು, ನಡುಕ, ಊಟ ಸೇರದು. ಅದೇ ಡಾಕ್ಟರಮ್ಮನ ಹತ್ತಿರ ಹೋಗಿ ಔಷಧಿ ತಂದ. ಎರಡನೆಯ ತಿಂಗಳ ಹೊತ್ತಿಗೆ ಕೈ ಸ್ಥಿರವಾಯಿತು.

ಒಂದು ಬೆಳಿಗ್ಗೆ, ಕೆಲಸಕ್ಕೆ ಮುಂಚೆ ಎಲ್ಲರೂ ಸೇರುವಾಗ ಅವನು ಅಧಿಕಾರಿಯಿಂದ ಎರಡು ನಿಮಿಷ ಕೇಳಿಕೊಂಡ. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ.

“ಟೆಸ್ಟಲ್ಲಿ ಸಿಗಲ್ವಲ್ಲ ಅಣ್ಣ, ಮತ್ತೇನು?” ಎಂದ ಕಂಬಿ ಕಟ್ಟುವವನೊಬ್ಬ. ನಾಲ್ಕು ಜನ ನಕ್ಕರು.

“ಸಿಗಲ್ಲ. ಡಾಕ್ಟರಿಗೂ ಸಿಗಲಿಲ್ಲ. ಅವತ್ತು ನಾನು ಪಕ್ಕದಲ್ಲಿದ್ದೆ, ಹೇಳ್ದೆ. ನೀನು ಬಿದ್ದಾಗ ಯಾರಿರ್ತಾರೆ?”



ಮಧ್ಯಾಹ್ನ ಕಂಬಿಯವನು ಸ್ಟೋರಿನ ಕಿಟಕಿಗೆ ಬಂದು ಕೈಗವಸು ಕೇಳಿದ. ಕೊಟ್ಟರೂ ಅಲ್ಲೇ ನಿಂತ.

“ಆ ಡಾಕ್ಟರು ಎಷ್ಟೊತ್ತಿಗೆ ಸಿಗ್ತಾರೆ?”

“ಆರಕ್ಕೆ. ಗೇಟ್ ಹತ್ರ ನಿಂತಿರು, ನಾನೂ ಬರ್ತೀನಿ.”