ಓಡಿದವನ ಗುರುತು

ಶಂಕರಪುರಂನ ಆ ಮನೆಯಲ್ಲಿ ಸಮುದ್ರ ಕಂಡವರೇ ಇರಲಿಲ್ಲ. ಆದರೂ ವಿಶಾಖಾ ಎರಡು ವರ್ಷದಿಂದ ಹಾಯಿಹಡಗುಗಳ ಪದಕೋಶಕ್ಕೆ ಜೋತುಬಿದ್ದಿದ್ದಳು. ಹಳೆಯ ಇಂಗ್ಲಿಷ್ ಕೋಶಗಳನ್ನು ಹರಡಿಕೊಂಡು ಹಡಗಿನ ಹಗ್ಗ, ಹಾಯಿ, ಕಟ್ಟುಕಟ್ಟಳೆಗಳಿಗೆಲ್ಲ ಕನ್ನಡದಲ್ಲಿ ವಿವರ ಬರೆಯುವ ಕೆಲಸ. ಸಂಜೆಯಾದರೆ ಅಪ್ಪ ಶ್ರೀನಿವಾಸಯ್ಯ ಅದನ್ನು ಗಟ್ಟಿಯಾಗಿ ಓದಿ ತಪ್ಪು ಹಿಡಿಯುತ್ತಿದ್ದರು. "ಊರಲ್ಲಿ ಕೆರೇನೇ ಉಳಿದಿಲ್ಲ, ಇವಳು ಹಡಗಿಗೆ ಹಾಯಿ ಕಟ್ತಾಳಂತೆ!" ಎಂದು ರೇಗಿಸುವುದೂ ಇತ್ತು.

ಮನೆಯ ಸಂಕಟವೇ ಬೇರೆ. ಅಪ್ಪನೊಡನೆ ಜಗಳವಾಡಿ ಹೋದ ಅಣ್ಣ ಅಮರ್ ಎಂಟು ವರ್ಷವಾದರೂ ಬಂದಿರಲಿಲ್ಲ. ಅವನು ಸತ್ತನೆಂದು ಕೋರ್ಟು ಹೇಳದೆ ಅತ್ತಿಗೆ ಹೇಮಶ್ರೀಗೆ ಅವನ ವಿಮೆಯ ಹಣ ಸಿಗುವಂತಿರಲಿಲ್ಲ. ಪಾಪ, ಅದೇ ಮನೆಯ ಒಳಕೋಣೆಯಲ್ಲಿ ಬಟ್ಟೆ ಹೊಲಿದು ಮಗಳನ್ನು ಓದಿಸುತ್ತಿದ್ದಳು. ಕೋರ್ಟು ಹಾಗೆ ಹೇಳಬೇಕಾದರೆ, ಏಳು ವರ್ಷದಿಂದ ಅವನ ಸುದ್ದಿಯೇ ಇಲ್ಲವೆಂದು ಅಪ್ಪ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿತ್ತು. ಮಾತೆತ್ತಿದರೆ ಸಾಕು, ಎದ್ದು ಹೋಗುತ್ತಿದ್ದರು. ಅಮರ್ ಬಂದರೆ ಇರಲೆಂದು ಮೀಟರ್ ಬಾಕ್ಸಿನ ಮೇಲಿಟ್ಟ ಬೀಗದ ಕೈಯನ್ನೂ ತೆಗೆಯಗೊಡುತ್ತಿರಲಿಲ್ಲ. ಎಂಥ ಹಟಮಾರಿ ಮುದುಕ ಎಂದು ವಿಶಾಖಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂದು ಅಪ್ಪ ಓದಿದ್ದು ಹಳೆಯ ಬ್ರಿಟಿಷ್ ನೌಕಾಪಡೆಯ ಹಾಜರಿ ಪುಸ್ತಕದ ವಿವರ. ಹಡಗು ಬಿಟ್ಟು ಓಡಿದವನ ಹೆಸರಿಗೆ ಒಂದು ಗುರುತು, ಸತ್ತವನ ಹೆಸರಿಗೆ ಇನ್ನೊಂದು. ಓಡಿದವನ ಬಾಕಿ ಸಂಬಳ ಮುಟ್ಟುಗೋಲು; ಸತ್ತವನದು ಮನೆಯವರಿಗೆ.

ಅಪ್ಪ ಕನ್ನಡಕ ತೆಗೆದರು. "ಗುರುತು ಹಾಕೋನು ಗುಮಾಸ್ತ ಅಲ್ವೇನಮ್ಮಾ?"

"ಹೌದಪ್ಪಾ."

"ಅವನಿಗೂ ಮನೆ ಮಕ್ಕಳು ಇದ್ದಿರ್ಬೇಕು. ಓಡಿದವನಿಗೂ ಎಷ್ಟೋ ಸಲ ಸತ್ತವನ ಗುರುತೇ ಹಾಕಿರ್ತಾನೆ." ಹಾಳೆಗಳನ್ನು ಪಕ್ಕಕ್ಕಿಟ್ಟರು. "ಹೋದ ಬುದ್ಧ ಪೂರ್ಣಿಮೆ ದಿನ ಅಮರ್ ಫೋನ್ ಮಾಡಿದ್ದ. 'ಹುಡುಕ್ಬೇಡಿ, ನಾನು ಬರಲ್ಲ' ಅಂದ. ಇಟ್ಬಿಟ್ಟ."

ಅಣ್ಣ ಬದುಕಿದ್ದಾನೆ! ವಿಶಾಖಾಳಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. "ಅತ್ತಿಗೆಗೆ ಯಾಕಪ್ಪಾ ಹೇಳ್ಲಿಲ್ಲ?"

"ಯಾವ ಬಾಯಲ್ಲಿ ಹೇಳ್ಲಿ? ಸತ್ತ ಅಂದ್ರೆ ಅತ್ತು ಸಮಾಧಾನ ಮಾಡ್ಕೋತಾಳೆ. ನೀನು ಬೇಡ ಅಂತ ಬಿಟ್ಟೋದ ಅಂದ್ರೆ?" ಅಪ್ಪ ಕನ್ನಡಕ ಮತ್ತೆ ಹಾಕಿಕೊಂಡರು. "ನಾಳೆ ವಕೀಲರ ಹತ್ರ ಹೋಗೋಣ. ಸಹಿ ಹಾಕ್ತೀನಿ."

"ಸುಳ್ಳು ಪ್ರಮಾಣ ಆಗುತ್ತೆ. ಅಣ್ಣ ಮನಸ್ಸು ಬದಲಾಯಿಸಿ ಬಂದ್ಬಿಟ್ರೆ?"

ಅಪ್ಪ ಎದ್ದರು. ಹೊರಗೆ ಹೋಗಿ ಮೀಟರ್ ಬಾಕ್ಸಿನ ಮೇಲೆ ತಡಕಿ, ತುಕ್ಕು ಹಿಡಿದ ಬೀಗದ ಕೈ ತಂದು ಅವಳ ಅಂಗೈಯಲ್ಲಿಟ್ಟರು. "ಒಳಗಿಡಮ್ಮಾ," ಎಂದವರೇ ಗೋಡೆಗೊರಗಿ ಗೊಳೋ ಎಂದು ಅತ್ತರು.

ಒಳಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಹೇಮಶ್ರೀ ಗಾಬರಿಯಿಂದ ಓಡಿಬಂದಳು. "ಏನಾಯ್ತು ಮಾವಾ?"

ವಿಶಾಖಾ ಬೀಗದ ಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಏನಿಲ್ಲ ಅತ್ತಿಗೆ. ಅಪ್ಪ ಸಹಿ ಹಾಕ್ತಾರಂತೆ."

ಹೇಮಶ್ರೀ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಅಲ್ಲೇ ಕುಸಿದು ಕೂತು, ಎಂಟು ವರ್ಷದಲ್ಲಿ ಮೊದಲ ಸಲ, ಗಂಡ ಸತ್ತನೆಂದು ಅತ್ತಳು.